ರಿಬ್ಬನ್ ಕಟ್ಟುವ ಮೊದಲು

ಅಜ್ಜಿ ಕತೆ ಹೇಳುತ್ತಿದ್ದದ್ದು ನನಗೆ ಜಡೆ ಹಾಕುವಾಗ. ಬೆಳಗ್ಗೆ ಕಿಟಕಿಯ ಹತ್ತಿರ ಕೂತು, ನನ್ನನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಸಿಕ್ಕು ಬಿಡಿಸುವಷ್ಟರಲ್ಲಿ ರಾಜಕುಮಾರನನ್ನು ಹುಟ್ಟಿಸುತ್ತಿದ್ದಳು. ರಿಬ್ಬನ್ ಕಟ್ಟುವಷ್ಟರಲ್ಲಿ ಕತೆ ಮುಗಿಯಬೇಕು. ನಡುವೆ ನಾನು ಹೂಂ ಅನ್ನದಿದ್ದರೆ ಬಾಚಣಿಗೆ ನಿಂತೇಬಿಡುತ್ತಿತ್ತು.

ಒಂದು ಕತೆಯನ್ನು ಮಾತ್ರ ಅಜ್ಜಿ ಮತ್ತೆ ಮತ್ತೆ ಹೇಳುತ್ತಿದ್ದಳು. ರಾಜಕುಮಾರನ ಮನೆ ಬಾಗಿಲಿಗೆ ಒಕ್ಕಣ್ಣಿನ ಹಸಿರು ಮೃಗ ಬರುತ್ತದೆ. ಅದರ ಬಾಲದ ಮೇಲೆ ನಾಲ್ಕು, ಸೊನ್ನೆ, ಏಳು ಅಂತ ಬರೆದಿದೆ. ಹೊಟ್ಟೆಯೊಳಗಿಂದ ಮೂವರು ಸೇವಕರು ಇಳಿಯುತ್ತಾರೆ, ಒಬ್ಬನಿಗೆ ಎಡಗಾಲು ಕುಂಟು. ರಾಜಕುಮಾರನನ್ನು ಎತ್ತಿ ಒಳಗೆ ಹಾಕಿಕೊಂಡು ಹೋಗುತ್ತಾರೆ. ಮೆಟ್ಟಿಲ ಮೇಲೆ ಒಂದು ಚಪ್ಪಲಿ ಉಳಿಯುತ್ತದೆ.

"ಆಮೇಲೆ?"

"ಆಮೇಲೆ ಏನಿಲ್ಲ. ರಿಬ್ಬನ್ ಕೊಡು."

ನನಗೆ ಐದು ವರ್ಷ. ರಿಬ್ಬನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಅವನು ಬರೋವರೆಗೂ ಕೊಡಲ್ಲ ಅಂದೆ. ಮೂರು ದಿನ ಕೆದರಿದ ಕೂದಲಲ್ಲೇ ಶಾಲೆಗೆ ಹೋದೆ. ನಾಲ್ಕನೆಯ ದಿನ ಅಜ್ಜಿ ಸೋತಳು. "ಸರಿ ಕಣೇ ಹಟಮಾರಿ, ಬಂದ. ಏಳು ಸಮುದ್ರ ಒಂಟಿ ಚಪ್ಪಲೀಲಿ ದಾಟಿ ಮನೆಗೆ ಬಂದ. ಸಾಕಾ?"

ಅಂದಿನಿಂದ ಅವನು ದಿನಾ ಬಂದ. ಅವನು ನನ್ನ ಅಪ್ಪ ಅಂತ ಗೊತ್ತಾಗುವ ಹೊತ್ತಿಗೆ ನನಗೆ ಹನ್ನೆರಡು ತುಂಬಿತ್ತು. ಮೃಗವೆಂದರೆ ಒಂದು ದೀಪ ಕೆಟ್ಟಿದ್ದ ಜೀಪು. ಅಮ್ಮ ನನ್ನನ್ನು ಹೆತ್ತಾಗಲೇ ತೀರಿಕೊಂಡಿದ್ದಳು. ಅಪ್ಪನನ್ನು ಎಳೆದೊಯ್ದಾಗ ನನಗೆ ಎರಡು ವರ್ಷ. ಕಣ್ಣಾರೆ ಕಂಡವಳು ಅಜ್ಜಿ ಒಬ್ಬಳೇ.

ಅಪ್ಪನ ಅಕ್ಕನಿಗೆ, ಅಂದರೆ ನನ್ನ ಅತ್ತೆಗೆ, ಬೀದಿಯವರು ಇಟ್ಟ ಹೆಸರು ಸೂಟ್‌ಕೇಸ್ ವಕೀಲೆ. ತಮ್ಮನನ್ನು ಎಳೆದೊಯ್ದ ವರ್ಷವೇ ಅವಳು ಕೋರ್ಟಿನ ಕೆಲಸ ಬಿಟ್ಟಳು. ಆಮೇಲೆ ದೇಶದಿಂದ ದೇಶಕ್ಕೆ ತಿರುಗುತ್ತಾ, ಕಾಣೆಯಾದವರ ಮನೆಯವರ ಹೇಳಿಕೆ ಬರೆದುಕೊಂಡು, ದೊಡ್ಡ ದೊಡ್ಡ ಸಮಿತಿಗಳ ಮುಂದೆ ಓದಿದಳು. ಡೇರೆಗಳಲ್ಲಿ, ಶಾಲೆಯ ಕೊಠಡಿಗಳಲ್ಲಿ, ಒಮ್ಮೆ ನಿಂತ ಬಸ್ಸಿನೊಳಗೆ. ಮೊದಲ ಅರ್ಧ ಗಂಟೆ ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ. ಅವತ್ತು ಹಗ್ಗದ ಮೇಲೆ ಯಾವ ಬಟ್ಟೆ ಒಣಗ್ತಿತ್ತು ಅಂತ ಕೇಳುತ್ತಾಳೆ. ಹೇಳಿದ್ದಷ್ಟನ್ನೂ ಬರೆದು, ಪೂರ್ತಿ ಓದಿ ಕೇಳಿಸಿ, ಅವರು ಹೌದು ಅಂದಮೇಲೇ ಸಹಿ. ಒಂದು ಮಾತು ಸೇರಿಸುವ ಹಾಗಿಲ್ಲ, ಒಂದು ಮಾತು ಬಿಡುವ ಹಾಗಿಲ್ಲ. ಅವಳಿಗೆ ಬಂದ ಪ್ರಶಸ್ತಿಯ ಫಲಕವನ್ನು ಅಜ್ಜಿ ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದಾಳೆ.

"ಪ್ರಪಂಚದವರ ಕಷ್ಟಕ್ಕೆಲ್ಲ ನಿನ್ನ ಹತ್ರ ಕಾಗದ ಇತ್ತು. ನನ್ನ ಕಷ್ಟಕ್ಕೆ ಮಾತ್ರ ಖಾಲಿಯಾಗಿತ್ತು ನೋಡು," ಅಂತ ಅಜ್ಜಿ ಚುಚ್ಚುತ್ತಿದ್ದಳು.

"ಮನೆಯವರ ಹೇಳಿಕೆ ಮನೆಯವರು ತಗೊಳ್ಳೋ ಹಾಗಿಲ್ಲಮ್ಮ," ಅನ್ನುತ್ತಿದ್ದಳು ಅತ್ತೆ. ಅದು ನಿಜ. ಆದರೆ ಪೂರ್ತಿ ನಿಜವಲ್ಲ. ಎಡಗಾಲು ಕುಂಟುವ ಆ ಮನುಷ್ಯ ನಮ್ಮಿಂದ ಮೂರು ಬೀದಿ ಆಚೆಗಿದ್ದ. ಅಜ್ಜಿ ಬಾಯಿ ಬಿಟ್ಟಳೆಂದು ಗೊತ್ತಾದರೆ ಮೃಗ ಮತ್ತೆ ಬಂದೀತೆಂಬ ಹೆದರಿಕೆ ಅತ್ತೆಗೆ.

ಹೋದ ವರ್ಷ ಆ ಕುಂಟ ಸತ್ತ. ಈ ವರ್ಷ ಕಾಣೆಯಾದವರ ಸಮಿತಿ ಹಳೆಯ ಕಡತಗಳನ್ನು ತೆರೆಯಿತು. ತಿಂಗಳೊಳಗೆ ಕಣ್ಣಾರೆ ಕಂಡವರ ಹೇಳಿಕೆ ಕೊಟ್ಟರೆ ಅಪ್ಪ ಕಾಣೆಯಾದದ್ದರ ವಿಚಾರಣೆ. ಇಲ್ಲದಿದ್ದರೆ ಕಡತ ಶಾಶ್ವತವಾಗಿ ಮುಚ್ಚುತ್ತದೆ. ಅಷ್ಟರಲ್ಲಿ ಅಜ್ಜಿಗೆ ಮರೆವು ಶುರುವಾಗಿತ್ತು.

ಹೇಳಿಕೆ ತೆಗೆದುಕೊಳ್ಳಲು ನೋಟರಿ ಬಂದರು. ಬೊಜ್ಜಿನ, ಮೃದು ಮಾತಿನ ಮನುಷ್ಯ. ನಾನು ಟೈಪ್ ಮಾಡಲು ಕೂತೆ. ಅತ್ತೆಗೆ ಕೇಳುವ ಹಕ್ಕಿಲ್ಲ, ಗೋಡೆಗೆ ಒರಗಿ ನಿಂತಳು. ಮೇಜಿನ ಮೇಲೆ ಮೊಹರು ಮಾಡಿದ ಚೀಲದಲ್ಲಿ ಆ ಒಂದು ಚಪ್ಪಲಿ.

ಅಜ್ಜಿ ಬೆರಗು ಹುಟ್ಟಿಸಿದಳು. ಹಸಿರು ಜೀಪು, ಕೆಟ್ಟ ದೀಪ, ನಾಲ್ಕು ಸೊನ್ನೆ ಏಳು, ಮೂವರು, ಎಡಗಾಲು. ಒಂದೂ ತಪ್ಪಲಿಲ್ಲ. ಅತ್ತೆಯ ಮುಖದಲ್ಲಿ, ಅಪ್ಪ ಹೋದಮೇಲಿನ ಇಪ್ಪತ್ತನಾಲ್ಕು ವರ್ಷದಲ್ಲಿ ಕಾಣದ ಬೆಳಕು.

"ಆಮೇಲೆ ಏನಾಯ್ತಮ್ಮ?" ನೋಟರಿ ಕೇಳಿದರು.

ಅಜ್ಜಿ ನನ್ನತ್ತ ತಿರುಗಿ ನಕ್ಕಳು. "ಆಮೇಲೆ ಮನೆಗೆ ಬಂದ."

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ.

"ಅಜ್ಜೀ, ಅದು ಕತೆ. ನಾನು ಹಟ ಮಾಡಿದ್ದಕ್ಕೆ ನೀನು ಹೇಳಿದ್ದು..."

"ನೀನು ಸುಮ್ನಿರೇ. ಕಂಡವಳು ನಾನಾ, ನೀನಾ?"

ಮರುದಿನ ಕೇಳಿದರು, ಅದರ ಮರುದಿನವೂ ಕೇಳಿದರು. ಮೂರು ಸಲವೂ ಅವನು ಬಂದ. ಮೂರನೆಯ ದಿನ ನೋಟರಿ ಕನ್ನಡಕ ಒರೆಸುತ್ತಾ ತಗ್ಗಿದ ದನಿಯಲ್ಲಿ ಅಂದರು, "ಮೇಡಂ, ನನಗೂ ವಯಸ್ಸಾಯ್ತು. ಕೊನೇ ಮಾತು ಕಿವಿಗೆ ಬೀಳಲಿಲ್ಲ ಅಂತ ಇಟ್ಕೊಳ್ಳಿ."

"ಬಿಟ್ಟುಬಿಡು ಅತ್ತೆ," ನಾನು ಅವಳ ಕೈ ಹಿಡಿದೆ. "ಒಂದೇ ಒಂದು ಸಾಲು."

ಅತ್ತೆ ಚೀಲದೊಳಗಿನ ಚಪ್ಪಲಿಯತ್ತ ನೋಡಿದಳು. "ನಾನು ಓದಿದ ಒಂದೊಂದು ಹೇಳಿಕೆಗೂ ಎದುರು ಕಡೆಯವರು ಇದನ್ನೇ ಹೇಳಿದ್ದು ಕಣೇ. ಬೇಕಾದ್ದು ಇಟ್ಕೋತೀರಿ, ಬೇಡದ್ದು ಬಿಡ್ತೀರಿ ಅಂತ. ಇವತ್ತು ನಾನು ಬಿಟ್ರೆ, ಆ ತಾಯಂದಿರದ್ದೆಲ್ಲ ಏನಾಗ್ಬೇಕು?" ಆಮೇಲೆ, "ಟೈಪ್ ಮಾಡು."

ಮಾಡಿದೆ. ನೋಟರಿ ಓದಿ ಕೇಳಿಸಿದರು. ಸಾಲು ಸಾಲಿಗೂ ಅಜ್ಜಿ ಹೂಂ ಅಂದಳು. ಕೊನೆಯ ಸಾಲಿಗೆ ಎಲ್ಲಕ್ಕಿಂತ ಜೋರಾಗಿ.

ಕತೆ ಹೇಗೆ ಬದಲಾಯಿತು, ಯಾರ ಹಟಕ್ಕೆ ಬದಲಾಯಿತು ಅಂತ ನಾನೂ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದೆ. ಸಮಿತಿಯ ಉತ್ತರ ಐದು ವಾರಕ್ಕೆ ಬಂತು. ಕಂಡವರ ಮಾತನ್ನು ಕೇಳಿದವರು ತಿದ್ದಲಾಗದು. ತಾಯಿಯ ಹೇಳಿಕೆಯಂತೆ ವ್ಯಕ್ತಿ ಮನೆಗೆ ಮರಳಿದ್ದಾರೆ. ಕಡತ ಮುಕ್ತಾಯ.

ಅತ್ತೆ ಅದನ್ನು ಮಡಚಿ ಸೂಟ್‌ಕೇಸಿನಲ್ಲಿಟ್ಟಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಹತ್ತಿರ ಕೂತಿದ್ದ ಅಜ್ಜಿಯ ಕಾಲ ಬಳಿ ಹೋಗಿ, ನರೆತ ತಲೆಯನ್ನು ಅವಳ ಮೊಣಕಾಲಿಗೆ ಒರಗಿಸಿ ಕೂತಳು. ಅಜ್ಜಿಯ ಕೈ ತಾನಾಗಿಯೇ ಬಾಚಣಿಗೆ ಹುಡುಕಿತು.

"ಅಮ್ಮ, ಮನೆಗೆ ಬಂದ್ನಲ್ಲ ತಮ್ಮ. ಬಂದು ಏನಂದ?"

"ಏನಂತಾನೆ? ಅಕ್ಕ ಎಲ್ಲಿ ಅಂದ. ಊರಲ್ಲಿಲ್ಲ ಕಣೋ, ನಿನ್ನನ್ನೇ ಹುಡುಕೋಕೆ ಹೋಗಿದಾಳೆ ಅಂದೆ."

ಬಾಚಣಿಗೆ ನಿಂತಿತು. ಅಜ್ಜಿ ಕಾಯುತ್ತಿದ್ದಳು.

"ಹೂಂ," ಅಂದಳು ಅತ್ತೆ.