ಇಸ್ತ್ರಿ ಅಕ್ಕನ ನೋಟಿಸು

ಇಸ್ತ್ರಿ ಅಕ್ಕನಿಗೆ ಕನ್ನಡಕ ಇರಲಿಲ್ಲ. ಅದು ಬೇಕಾಗಿದೆ ಎಂದು ಲಾಂಡ್ರಿಯಲ್ಲಿ ಒಬ್ಬನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮೊದಲೆಲ್ಲ ಊಟದ ಗಂಟೆ ಹೊಡೆದಾಗ ಮೇಸ್ತ್ರಿಯೇ ಮೇನ್ ಸ್ವಿಚ್ ಆರಿಸುತ್ತಿದ್ದ. ಇನ್ನು ಮೇಲೆ ಅವರವರ ಇಸ್ತ್ರಿಪೆಟ್ಟಿಗೆ ಅವರೇ ಆರಿಸಬೇಕು ಎಂದು ನೋಟಿಸು ಹಾಕಿದ ಮೂರನೇ ದಿನವೇ ಊಟದ ಹೊತ್ತಿನಲ್ಲಿ ಅಕ್ಕನ ಮೇಜಿಗೆ ಬೆಂಕಿ ಹತ್ತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವಳ ಕೆಲಸ ಉಳಿಯಬೇಕೋ ಹೋಗಬೇಕೋ ಎಂದು ತೀರ್ಮಾನಿಸಲು ಮೂವರನ್ನು ಕೂರಿಸಿದರು: ಮೇಸ್ತ್ರಿ, ಹರಿದದ್ದು ಹೊಲಿಯುವ ಟೈಲರಮ್ಮ, ವ್ಯಾನಿನ ಡ್ರೈವರ್.

ಫಾರಂನಲ್ಲಿ ಎರಡು ಪ್ರಶ್ನೆ. ಪೆಟ್ಟಿಗೆ ಆರಿಸದೆ ಹೋದಳೇ? ನಿಯಮ ಅವಳಿಗೆ ತಿಳಿದಿತ್ತೇ? ಎರಡಕ್ಕೂ ಹೌದು ಎಂದಾದರೆ ಕೆಲಸದಿಂದ ತೆಗೆಯಬೇಕು.

ಮೇಸ್ತ್ರಿ ಎರಡಕ್ಕೂ ಹೌದು ಎಂದ. ಡ್ರೈವರ್, ಆರಿಸದೆ ಹೋಗಿದ್ದು ನಿಜ, ಆದರೆ ನಿಯಮ ತಿಳಿದಿರಲಿಲ್ಲ ಎಂದ. ಟೈಲರಮ್ಮನದು ತಿರುಗುಮುರುಗು: ನಿಯಮ ತಿಳಿದಿತ್ತು, ಹಾಗಾಗಿ ಆರಿಸಿಯೇ ಹೋಗಿರುತ್ತಾಳೆ, ಪೆಟ್ಟಿಗೆಯೇ ಕೆಟ್ಟಿರಬೇಕು. ಮೇಸ್ತ್ರಿ ಒಂದೊಂದು ಪ್ರಶ್ನೆಗೂ ಕೈ ಎಣಿಸಿ ಬರೆದ. ಮೊದಲನೆಯದಕ್ಕೆ ಹೌದು ಎರಡು. ಎರಡನೆಯದಕ್ಕೂ ಹೌದು ಎರಡು. ಅಲ್ಲಿಗೆ ಕೆಲಸದಿಂದ ತೆಗೆಯಬೇಕು ಎಂದಾಯಿತು.

ಸಹಿ ಹಾಕಲು ಪೆನ್ನು ಹಿಡಿದ ಟೈಲರಮ್ಮ ತಡೆದಳು. "ಅಲ್ಲಪ್ಪ, ನನ್ನ ಉತ್ತರದ ಪ್ರಕಾರ ತೆಗೆಯೋ ಹಾಗಿಲ್ಲ, ಈ ಡ್ರೈವರ್ ಉತ್ತರದ ಪ್ರಕಾರವೂ ಇಲ್ಲ. ಕಾಗದ ಮಾತ್ರ ತೆಗೀರಿ ಅಂತಿದೆ. ನಾಲ್ಕನೆಯವರು ಯಾರಾದ್ರೂ ಕೂತಿದ್ದಾರಾ ಇಲ್ಲಿ?"

ಮೇಸ್ತ್ರಿ ಮತ್ತೆ ಎಣಿಸಿದ. ಲೆಕ್ಕ ಸರಿಯಾಗಿಯೇ ಇತ್ತು. ಸುಳ್ಳು ಹೇಳಿದವರೂ ಯಾರೂ ಇರಲಿಲ್ಲ.

"ಕೈ ಎಣಿಸೋದು ಬಿಡಿ," ಎಂದಳು ಟೈಲರಮ್ಮ. "ಯಾಕೆ ಹಾಗನ್ನಿಸ್ತು, ಅದು ಹೇಳಿ." ತಾನೇ ಶುರುಮಾಡಿದಳು. ಅಕ್ಕ ನೋಟಿಸಿನ ಮುಂದೆ ಐದು ನಿಮಿಷ ನಿಂತು ತಲೆಯಾಡಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮೇಸ್ತ್ರಿ ಕಂಡದ್ದೂ ಅಷ್ಟೇ.

ಡ್ರೈವರ್ ಕಿಟಕಿ ಕಡೆ ನೋಡಿದ. "ಓದೋಕಾಗದೆ ನಿಂತಿದ್ರು ಕಣಮ್ಮ. ಅಕ್ಷರ ಕಾಣ್ತಿಲ್ಲ, ಏನಿದೆ ನೋಡಪ್ಪ ಅಂದ್ರು. ನಂಗೆ ಅವಸರ. ರಜೆ ಪಟ್ಟಿ ಅಕ್ಕ ಅಂತ ಬಾಯಿಗೆ ಬಂದದ್ದು ಹೇಳಿ ಹೊರಟೆ."

"ಮೊದಲೇ ಬೊಗಳೋಕೆ ಏನಾಗಿತ್ತೋ?" ಎಂದ ಮೇಸ್ತ್ರಿ.

"ಫಾರಂನಲ್ಲಿ ಕೇಳಿಲ್ವಲ್ಲ."

ನಿಯಮ ತಿಳಿಯದವಳು ಆರಿಸಿರಲಾರಳು ಎಂದು ಟೈಲರಮ್ಮ ತನ್ನ ಎರಡೂ ಉತ್ತರ ಬದಲಿಸಿದಳು. ಮೇಸ್ತ್ರಿ ಎರಡನೆಯದನ್ನು ಬದಲಿಸಿದ. ಆರಿಸಲಿಲ್ಲ, ತಿಳಿದಿರಲಿಲ್ಲ, ತೆಗೆಯಬೇಕಿಲ್ಲ. ಮೂರೂ ಸಹಿ ಬಿತ್ತು.

ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದ ಅಕ್ಕ ಕೆಲಸ ಉಳಿದದ್ದನ್ನೂ ನೋಟಿಸಿನಲ್ಲಿ ನಿಜಕ್ಕೂ ಏನಿತ್ತೆಂಬುದನ್ನೂ ಕೇಳಿ ಉಸ್ಸೆಂದು ಗೋಡೆಗೆ ಒರಗಿದಳು. ಆಮೇಲೆ ಡ್ರೈವರನನ್ನು ಕೇಳಿದಳು:

"ಹಾಗಾದ್ರೆ ಆ ರಜೆ ಪಟ್ಟಿ ಎಲ್ಲಪ್ಪ?"

ಒಟ್ಟು ಹೋದದ್ದು ಹನ್ನೊಂದು ಬೆಡ್‌ಶೀಟು, ಒಂದು ಮೇಜು, ಮೂವರ ಅರ್ಧ ದಿನ.