ಚನ್ನಬಸಯ್ಯನ ಪುಕ್ಕಟೆ ಔಷಧ

ನಾಯಿಯ ಶಾಂಪೂ ಬಾಟಲಿಗೆ ನಾನೂರ ಎಂಬತ್ತು. ಚಿಗಟ ಓಡಿಸುವ ಕೊರಳಪಟ್ಟಿ ಮುನ್ನೂರೈವತ್ತು. ಬೆನ್ನ ಮೇಲೆ ಬಿಡುವ ಔಷಧದ ನಳಿಗೆ, ಅದೂ ಕಿರುಬೆರಳಿನಷ್ಟಿದ್ದದ್ದು, ನಾನೂರು. ಒಣಗಿದ ಚರ್ಮಕ್ಕೆಂದು ಮೀನಿನ ಎಣ್ಣೆ ಏಳುನೂರು. ಇತ್ತ ಗೌರವ್ವ ಒಂದು ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟರೆ, ಹಿಟ್ಟು, ಗ್ಯಾಸು ಕಳೆದು ಕೈಗೆ ಉಳಿಯುವುದು ಮೂರು ರೂಪಾಯಿ. ಅಂದರೆ ನಾಯಿಯ ಮೈ ತೊಳೆಯುವುದಕ್ಕೇ ನೂರರವತ್ತು ರೊಟ್ಟಿ.

"ಬ್ರೀಡ್ ಯಾವುದರಿ ಆಂಟಿ?" ಎಂದು ಅಂಗಡಿಯವನು ಕೇಳಿದ.

"ನಮ್ಮ ಓಣಿದು."

"ಹಂಗಾದ್ರ ಸ್ಕಿನ್ ಭಾಳ ಸೆನ್ಸಿಟಿವ್ ಇರತೈತ್ರಿ. ನಾಕೂ ಕೂಡಿಸಿ ಒಂದ್ ಕಿಟ್ ಮಾಡಿಕೊಡ್ತೀನಿ ತಗೋರಿ."

ಚರಂಡಿ ದಂಡೆಯ ಮೇಲೆ ಹುಟ್ಟಿ ಬೆಳೆದ ನಾಯಿಗೆ ನಾಜೂಕು ಚರ್ಮ ಇರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಗಾಜಿನ ಬಾಗಿಲಿನ ಆ ಅಂಗಡಿಯ ಬಾಡಿಗೆ ಅವನಿಂದ ಹಾಗೆ ಮಾತಾಡಿಸುತ್ತಿತ್ತು. ಗೌರವ್ವ ಬರಿಗೈಯಲ್ಲಿ ಮನೆಗೆ ಬಂದಳು.

ಮನೆ ಅಂದರೆ ಸದಾಶಿವನಗರದ ಒಂದು ದೊಡ್ಡ ಬಂಗಲೆಯ ಹಿಂದಿನ ಎರಡು ಬಾಡಿಗೆ ಕೋಣೆ. ಒಂದರಲ್ಲಿ ಒಲೆ, ಹಿಟ್ಟಿನ ಚೀಲ, ರೊಟ್ಟಿಯ ಬುಟ್ಟಿ, ಇನ್ನೊಂದರಲ್ಲಿ ಅವಳು. ಗಂಡ ತೀರಿಕೊಂಡ ಮೇಲೆ ಹೊಸ್ತಿಲಿಗೆ ಅಡ್ಡಲಾಗಿ ನಾಯಿ ಕೆಂಚ ಮಲಗುತ್ತಿದ್ದ. ಅವನು ಮಲಗಿದರೆ ಅವಳಿಗೆ ನಿದ್ದೆ ಹತ್ತುತ್ತಿತ್ತು. ಈಗ ಅವನು ಮಲಗದೆ ಕೆರೆದುಕೊಳ್ಳುತ್ತಿದ್ದ. ಬಾಲದ ಬುಡದಲ್ಲಿ ಕೂದಲು ಉದುರಿ, ಬೆನ್ನ ತುಂಬ ಒಣ ಹೊಟ್ಟು ಎದ್ದಿತ್ತು.

ರೊಟ್ಟಿ ಒಯ್ಯಲು ಬಂದ ಖಾನಾವಳಿಯ ನಾಗಲಿಂಗನ ಕಾಲಿಗೂ ಚಿಗಟ ಕಚ್ಚಿತು. ಅವನು ಪ್ಯಾಂಟು ಮೇಲೆತ್ತಿ ಕೆಂಪು ಗುಳ್ಳೆ ತೋರಿಸಿದ.

"ಗೌರವ್ವಕ್ಕಾ, ನನ್ನ ಕಾಲಿಗೆ ಕಚ್ಚಿದ್ದಕ್ಕ ನಾ ಏನೂ ಅನ್ನೂದಿಲ್ಲ. ನಾಳೆ ಗಿರಾಕಿ ತಾಟಿನ್ಯಾಗ ಜಿಗಿದ್ರ ನನ್ನ ಧಂದೆ ಮುಗೀತು. ಈ ವಾರದಾಗ ನಾಯಿ ಆರಾಮರ ಮಾಡ್ರಿ, ಇಲ್ಲಾ ಎಲ್ಲೆರ ಬಿಟ್ಟ ಬರ್ರಿ. ಎರಡೂ ಆಗಲಿಲ್ಲಂದ್ರ ನಾ ರೊಟ್ಟಿ ಬ್ಯಾರೆ ಕಡೆ ನೋಡ್ಕೊಂತೀನಿ."

ಸುದ್ದಿ ಫೋನಿನಲ್ಲಿ ಅದೇ ಜಿಲ್ಲೆಯ ಖಾನಾಪುರ ತಾಲೂಕಿನ ಬೀಡಿ ಎಂಬ ಊರಿಗೆ ಮುಟ್ಟಿತು. ಅಲ್ಲಿಂದ ಗಂಡನ ಅಣ್ಣ ಚನ್ನಬಸಯ್ಯ ಬಸ್ಸು ಹತ್ತಿ ಬಂದ. ನೆಂಟರಲ್ಲಿ ಯಾರ ಮನೆಯಲ್ಲಿ ತೊಂದರೆಯೋ ಅಲ್ಲಿ ಅವನು ಹಾಜರು, ಅದೂ ಸರಿಯಾಗಿ ಊಟದ ಹೊತ್ತಿಗೆ.

"ನಾ ಬೀಡ್ಯಾಗ ಹತ್ತ ನಾಯಿ ಸಾಕೇನಿ," ಎಂದ, ಮೂರನೆಯ ರೊಟ್ಟಿ ಮುರಿಯುತ್ತ. "ಒಂದಕ್ಕೂ ಒಂದ್ ರೂಪಾಯಿ ಔಷಧ ಹಾಕಿಲ್ಲ."

"ಈಗ ಎಷ್ಟದಾವ್ರಿ, ಭಾವಾರ?"

"ಈಗ ಒಂದೂ ಇಲ್ಲ." ರೊಟ್ಟಿಯ ಚೂರು ಬಾಯಿಗಿಟ್ಟು, "ಅವು ಸತ್ತಿದ್ದು ಬ್ಯಾರೆ ಕಾರಣಕ್ಕ," ಎಂದ.

ಮೊದಲು ಅವನು ಕೆಂಚನನ್ನು ಬಟ್ಟೆ ಒಗೆಯುವ ಪುಡಿಯಲ್ಲಿ ತಿಕ್ಕಿದ. ಒಂದಿಷ್ಟು ಚಿಗಟ ಮುಳುಗಿ ಸತ್ತವು, ನಿಜ. ಆದರೆ ಚರ್ಮ ಹಪ್ಪಳದಂತೆ ಬಿರಿಯಿತು. ಅದರ ಮೇಲೆ ಜಳಕದ ಹಂಡೆಯ ಒಲೆಯಿಂದ ಬೂದಿ ತಂದು ಬಳಿದ. ಮೈಯಲ್ಲಿ ಉಳಿದಿದ್ದ ಅಷ್ಟಿಷ್ಟು ಜಿಡ್ಡನ್ನೂ ಬೂದಿ ಹೀರಿತು. ಬೆಳಗಾಗುವಷ್ಟರಲ್ಲಿ ಚಿಗಟಗಳು ವಾಪಸ್ಸು ಬಂದಿದ್ದವು. ಚನ್ನಬಸಯ್ಯನಿಗೆ ನಾಚಿಕೆಯೇನೂ ಆಗಲಿಲ್ಲ. ಊರಿಗೆ ಹೋಗಿ, ಖಾನಾಪುರದ ಯಾವುದೋ ಗ್ಯಾರೇಜಿನಿಂದ ಡಬ್ಬಿ ತುಂಬ ಸುಟ್ಟ ಆಯಿಲ್ ಬೇಡಿಕೊಂಡು ತಂದ. ಅದು ಪುಕ್ಕಟೆ ಸಿಕ್ಕಿತ್ತು. ಪುಕ್ಕಟೆ ಸಿಕ್ಕಿದ್ದೆಲ್ಲ ಅವನ ಪಾಲಿಗೆ ಔಷಧವೇ.

"ಒಣಾ ಚರ್ಮಕ್ಕ ಎಣ್ಣಿ ಬೇಕು, ಹುಳಕ್ಕ ವಿಷ ಬೇಕು. ಎರಡೂ ಇದರಾಗ ಐತಿ."

"ನಾಯಿ ನೆಕ್ಕತೈತ್ರಿ."

"ನೆಕ್ಕಲಿ. ಹೊಟ್ಟ್ಯಾನ ಹುಳಾನೂ ಹೋಗ್ತಾವ."

ಅವಳು ಬ್ಯಾಡ ಬ್ಯಾಡ ಅಂದರೂ, ಅವಳ ಕೈ ರೊಟ್ಟಿಯ ಹೆಂಚಿನ ಮೇಲಿದ್ದಾಗ ಅವನು ಬಳಿದೇಬಿಟ್ಟ. ಕೆಂಚ ಎಮ್ಮೆಯ ಬಣ್ಣಕ್ಕೆ ತಿರುಗಿ, ಒಳಗೆ ಓಡಿ, ಮೈಯನ್ನು ಹಿಟ್ಟಿನ ಚೀಲಕ್ಕೆ ಉಜ್ಜಿಕೊಂಡ. ಮರುದಿನ ವಾಂತಿ ಮಾಡಿದ. ಗೌರವ್ವ ಅವನನ್ನು ಹಳೆಯ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ಸರಕಾರಿ ಪಶು ಆಸ್ಪತ್ರೆಗೆ ಒಯ್ದಳು.

"ಯಾರು ಹಚ್ಚಿದ್ರು ಇದನ್ನ?" ಎಂದು ಡಾಕ್ಟರಮ್ಮ ಕೇಳಿದರು.

"ಮನಿ ಹಿರ್ಯಾರ್ರಿ."

"ಅವರಿಗೂ ಒಂದೀಟು ಹಚ್ಚಿ ನೋಡ್ರಿ, ಹೆಂಗ ಆಗತೈತಿ."

ವಾಂತಿಗೆ ಸೂಜಿ ಚುಚ್ಚಿದರು. ಆಯಿಲ್ ಹೋಗಲು ಕಡಲೆ ಹಿಟ್ಟು ಉಜ್ಜಿ, ಕೂಸುಗಳ ಸಾಬೂನಿನಲ್ಲಿ ತೊಳೆಯಬೇಕು. ಆಮೇಲೆ ದಿನಾ ಮೈ ತೊಳೆಯಬಾರದು. ಗೌರವ್ವ ಹೇಳಿದ ಅಂಗಡಿಯ ಕಿಟ್ಟಿನಲ್ಲಿ ಆ ನಳಿಗೆಯೊಂದು ಸಾಕು, ಮೈ ಪೂರ್ತಿ ಒಣಗಿದ ಮೇಲೆ ಬಿಡಬೇಕು. ಮೀನೆಣ್ಣೆಯ ಗೊಡವೆ ಬೇಡ, ರೊಟ್ಟಿಗೆ ಒಂದು ಚಮಚ ಕುಸುಬಿ ಎಣ್ಣೆ ಹಾಕಿದರೆ ನಡೆಯುತ್ತದೆ. ತೂಕಕ್ಕೆ ಸರಿಯಾದ ಔಷಧ ಯಾವುದೆಂದು ಚೀಟಿಯಲ್ಲಿ ಬರೆದುಕೊಟ್ಟರು. ಗೌರವ್ವ ದಾರಿಯಲ್ಲೇ ನಳಿಗೆ ಕೊಂಡಳು.

ತೊಳೆದು ಒಣಗಿಸಿ, ಹೇನು ತೆಗೆಯುವ ಹಣಿಗೆಯಿಂದ ಬಾಚಿದಳು. ಹಣಿಗೆಗೆ ಬಂದದ್ದನ್ನೆಲ್ಲ ಸಾಬೂನಿನ ನೀರಿಗೆ ಅದ್ದಿದಳು. ಮೂರನೆಯ ಸಲಕ್ಕೆ ಹಣಿಗೆಗೆ ಏನೂ ಬರಲಿಲ್ಲ. ಕೆಂಚ ಎದ್ದು ಮೈ ಜಾಡಿಸಿ, ಹೊಸ್ತಿಲ ಬಳಿಯ ತನ್ನ ಕೌದಿಯ ಮೇಲೆ ಹೋಗಿ ಬಿದ್ದ. ಅರ್ಧ ತಾಸಿನಲ್ಲಿ ಮತ್ತೆ ಕೆರೆಯತೊಡಗಿದ.

ಗೌರವ್ವ ಅವನನ್ನು ಎಬ್ಬಿಸಿ, ಬರಿಗಾಲಲ್ಲಿ ತಾನೇ ಆ ಕೌದಿಯ ಮೇಲೆ ನಿಂತಳು. ನಿಂತ ಕೂಡಲೇ ಚಿಗಟಗಳು ಮೊಣಕಾಲತನಕ ಹತ್ತಿದವು.

ಪ್ರತಿ ವರ್ಷ ದಸರೆಗೆ ಮುಂಚೆ ಮನೆಯ ಕೌದಿ, ಚಾದರ ಎಲ್ಲ ಒಗೆಯುತ್ತಿದ್ದರು. ಹಿರಿಯನೆಂದು ಚನ್ನಬಸಯ್ಯ ಆ ಹೊತ್ತಿಗೂ ಬರುತ್ತಿದ್ದ, ಒಗೆಯಲಿಕ್ಕಲ್ಲ, ಹೇಳಲಿಕ್ಕೆ. ಮನುಷ್ಯರ ಕೌದಿಯ ಸಂಗಡ ನಾಯಿಯ ಕೌದಿ ಒಗೆಯಬಾರದು, ಮೈಲಿಗೆ, ಎಂದು ತೆಗೆದಿಡಿಸುತ್ತಿದ್ದ. ಹಾಗಾದರೆ ಅದನ್ನು ಬೇರೆಯಾಗಿ ಯಾವಾಗ ಒಗೆಯಬೇಕೆಂದು ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಆ ಕೌದಿ ಹಾಸಿದಾಗಿನಿಂದ ನೀರು ಕಂಡಿರಲಿಲ್ಲ. ಮನೆಯ ಮಡಿ ಉಳಿದಿತ್ತು, ಅದರೊಳಗೆ ಚಿಗಟದ ಸಂಸಾರ ಬೆಳೆದಿತ್ತು.

ಅವಳು ಹಂಡೆಯಲ್ಲಿ ನೀರು ಕುದಿಸಿ ಕೌದಿಯನ್ನು ಮುಳುಗಿಸಿದಳು. ಚನ್ನಬಸಯ್ಯ ಕಟ್ಟೆಯಿಂದ ಇಳಿದು ಬಂದ.

"ಏನ್ ಮಾಡಾಕತ್ತಿ? ನಾವು ಜಳಕಾ ಮಾಡೋ ಹಂಡೇದಾಗ ನಾಯಿ ಕೌದಿ?"

"ಗ್ಯಾರೇಜಿನ ಹೊಲಸು ಮನಿಯೊಳಗ ಬರೂದು ನಡೀತು. ಕೌದಿ ಕುದಿಯೂದು ನಡಿಯೂದಿಲ್ಲೇನ್ರಿ?"

"ನಿನಗ ಹಿರ್ಯಾರು ಕಿರ್ಯಾರು ಉಳಿದಿಲ್ಲ. ಇಷ್ಟ್ಯಾಕ ರಗಳೆ, ನಾಯಿ ನನಗ ಕೊಡು. ಬೀಡ್ಯಾಗ ಕಬ್ಬಿನ ಹೊಲದಾಗ ಕಟ್ಟತೀನಿ. ಹಂದಿ ಕಾಟ ಭಾಳ ಐತಿ."

ಇಷ್ಟು ದಿನ ಬಸ್ಸಿನ ಖರ್ಚು ಹಾಕಿಕೊಂಡು ಅವನು ಯಾಕೆ ಓಡಾಡುತ್ತಿದ್ದನೆಂದು ಆಗ ಗೊತ್ತಾಯಿತು.

"ಹತ್ತ ಸಾಕೇನಿ ಅಂದ್ರಲ್ಲ ಭಾವಾರ," ಎಂದಳು ಗೌರವ್ವ, ಕೋಲಿನಿಂದ ಕೌದಿಯನ್ನು ಒತ್ತುತ್ತ. "ಹನ್ನೊಂದನೇದು ಬ್ಯಾಡ್ರಿ."

ಅವನು ಅಂದು ಊಟ ಮಾಡದೆ ಬಸ್ಸು ಹತ್ತಿದ. ಅದು ಅವನ ಲೆಕ್ಕದಲ್ಲಿ ದೊಡ್ಡ ಶಿಕ್ಷೆ, ಯಾರಿಗೆಂದು ಅವನೇ ಬಲ್ಲ.

ಕೌದಿ ಎರಡು ದಿನ ಬಿಸಿಲಲ್ಲಿ ಒಣಗಿತು. ನೆಲದ ಬಿರುಕುಗಳಿಗೆಲ್ಲ ಕುದಿನೀರು ಹೊಯ್ದದ್ದಾಯಿತು, ಕೆಂಚನ ಹೆಗಲ ನಡುವೆ ನಳಿಗೆಯ ಔಷಧ ಬಿಟ್ಟದ್ದೂ ಆಯಿತು. ವಾರದ ಕೊನೆಗೆ ನಾಗಲಿಂಗ ಬಂದು, ಹೊಸ್ತಿಲ ಮೇಲೆ ಪ್ಯಾಂಟು ಮಡಚಿ ಕುಳಿತ. ಚಹಾ ಮುಗಿದರೂ ಒಂದೂ ಕಚ್ಚಲಿಲ್ಲ.

"ಚಿಗಟದ ಮಾತು ಮುಗೀತಕ್ಕಾ," ಎಂದ. "ಖರೇ ಅಂದ್ರ ಈಗಿನ ತಕರಾರು ಬ್ಯಾರೆ. ಮೊನ್ನಿ ರೊಟ್ಟಿ ಗ್ಯಾರೇಜಿನ ವಾಸನಿ ಹೊಡದ್ವು. ಗಿರಾಕಿ ತಾಟು ಬಿಟ್ಟು ಎದ್ದ್ರು. ದಿನದ ರೊಟ್ಟ್ಯಾಗ ಅರ್ಧಾ ನಾ ಬ್ಯಾರೆದವ್ರಿಗೆ ಹೇಳಿಬಿಟ್ಟೇನಿ."

ಗೌರವ್ವ ಹಿಟ್ಟಿನ ಚೀಲದ ಬಳಿ ಹೋಗಿ ಮೂಸಿದಳು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಚೀಲ ತಿಪ್ಪೆಗೆ ಹೋಯಿತು.

ದಿನದ ರೊಟ್ಟಿಯ ಆ ಅರ್ಧ ಗಿರಾಕಿ ಮತ್ತೆ ಅವಳಿಗೆ ಸಿಗಲಿಲ್ಲ. ನಾಯಿ ಉಳಿಯಿತು. ಎರಡು ತಿಂಗಳಲ್ಲಿ ಅದರ ಬೆನ್ನ ಮೇಲೆ ಕೂದಲು ಬಂತು.