ಸಂಪಾದಕೀಯಕ್ಕೆ ಕೊರಳು ಇಟ್ಟ ಕತ್ತರಿ

ನಾನು ಒಂದು ಕತ್ತರಿ. ಹುಟ್ಟುವ ಮೊದಲೇ ಗುಜರಿ ಕಂಡ ಕತ್ತರಿ. ದೂರದ ಮೀರತ್ತಿನಲ್ಲಿ, ಓಡಿ ಓಡಿ ಸುಸ್ತಾದ ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಗೆ ಹಾಕಿ, ಬಡಿದು, ಸಾಣೆ ಹಿಡಿದು, ಹಿತ್ತಾಳೆಯ ಹಿಡಿ ಕೂಡಿಸಿ ನನ್ನನ್ನು ಮಾಡಿದರು. ಆದ್ದರಿಂದ ಯಾರಾದರೂ "ನಿನ್ನನ್ನು ಗುಜರಿಗೆ ಹಾಕುತ್ತೇನೆ" ಎಂದು ಹೆದರಿಸಿದರೆ ನನಗೆ ನಗು ಬರುತ್ತದೆ. ನಾನು ಅಲ್ಲಿಂದಲೇ ಬಂದದ್ದು ಸ್ವಾಮಿ, ದಾರಿ ಗೊತ್ತಿದೆ.

ನನ್ನನ್ನು ಕೊಂಡವರು ಬೆಟಗೇರಿಯ ಏಕನಾಥ ಮಾಳದಕರ. ಬ್ಲೌಸ್ ಹೊಲಿಯುವುದರಲ್ಲಿ ಎತ್ತಿದ ಕೈ, ಮಾತು ಮಾತ್ರ ಬಲು ತುಟ್ಟಿ. ಆಗ ನನ್ನ ಗತ್ತೇ ಬೇರೆಯಾಗಿತ್ತು. ರೇಷ್ಮೆಯಿರಲಿ, ಇಳಕಲ್ ಖಣವಿರಲಿ, ನಾನು ಬಾಯಿ ತೆರೆದರೆ ಸರ್ರನೆ ಎರಡು ಭಾಗ. ನಮ್ಮ ಕಸುಬಿನಲ್ಲಿ ಒಂದು ಮಡಿ ಇದೆ: ಬಟ್ಟೆಯ ಕತ್ತರಿ ಕಾಗದ ಮುಟ್ಟಬಾರದು. ಮುಟ್ಟಿದರೆ ಬಾಯಿ ಮೊಂಡಾಗುತ್ತದೆ.

ಆ ಮಡಿ ಕೆಡಿಸಿದವರು ಏಕನಾಥರ ಅಕ್ಕ ಸಕ್ಕೂಬಾಯಿ. ಒಂದು ದಿನ ಅಂಗಡಿಗೆ ಬಂದವರು ನನ್ನನ್ನೆತ್ತಿಕೊಂಡು ಪೇಡೆಯ ರಟ್ಟಿನ ಡಬ್ಬಿಯನ್ನು ಕರಕರನೆ ಕತ್ತರಿಸಿಬಿಟ್ಟರು. "ಕತ್ತರಿ ಅಂದಮ್ಯಾಲ ಎಲ್ಲಾ ಕತ್ತರಸಬೇಕಪ್ಪ, ಅದಕ್ಕೇನ ನಾಜೂಕು" ಎಂದರು. ತಾಯಿ ಇಲ್ಲದ ಏಕನಾಥರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಅಕ್ಕ. ಅವರೆದುರು ಏಕನಾಥರು ಎಂದೂ ಎದುರುತ್ತರ ಕೊಟ್ಟವರಲ್ಲ. ಸುಮ್ಮನೆ ಹೊಸ ಕತ್ತರಿ ತಂದರು. ನಾನು ಕಾಗದದ ಕತ್ತರಿಯಾದೆ. ಹೊಸದು ಮೇಜಿನ ಮೇಲೆ ಮಿರಮಿರ ಮಿಂಚುತ್ತ ಕೂತರೆ ನಾನು ಕೆಳಗಿನ ಡಬ್ಬಿಯಲ್ಲಿ ಬಿದ್ದಿರುತ್ತಿದ್ದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಬ್ಲೌಸಿನ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆಯನ್ನು ಹಳೆಯ ಪತ್ರಿಕೆಯ ಮೇಲೆ ಬರೆದು, ಬೆನ್ನು, ಎದೆ, ತೋಳು ಎಂದು ಕಾಗದದಲ್ಲಿ ಕತ್ತರಿಸಿಕೊಳ್ಳುತ್ತಾರೆ. ಅದೇ ನನ್ನ ಕೆಲಸ. ಏಕನಾಥರು ಇದಕ್ಕೆ ಇಂಗ್ಲಿಷ್ ಪತ್ರಿಕೆಯ ರದ್ದಿಯನ್ನೇ ತರುತ್ತಿದ್ದರು. ಕನ್ನಡದ್ದಾದರೆ ಹತ್ತು ಕೈ ದಾಟಿ ಸುಕ್ಕಾಗಿರುತ್ತದೆ. ಇಂಗ್ಲಿಷಿನದು ಮಡಿಕೆ ಕೂಡ ಮುರಿಯದೆ ಬರುತ್ತದೆ. ಊರ ದೊಡ್ಡವರು ಅದನ್ನು ತರಿಸುವುದು ಟೀಪಾಯಿಯ ಮೇಲೆ ಇಡುವುದಕ್ಕೆ.

ಆ ಮಡಿಕೆಗಳನ್ನು ಮೊದಲು ಬಿಡಿಸಿ ಓದಿದವಳು ಏಕನಾಥರ ಮಗಳು ವೈಜಯಂತಿ. ಹೈಸ್ಕೂಲಿನವರೆಗೆ ಕನ್ನಡದಲ್ಲೇ ಓದಿ ಬಿ.ಕಾಂ. ಮುಗಿಸಿದ ಹುಡುಗಿ. ಬ್ಯಾಂಕ್ ಪರೀಕ್ಷೆ ಎರಡು ಸಲ ಬರೆದಿದ್ದಳು. ಲೆಕ್ಕವೆಂದರೆ ನೀರು ಕುಡಿದಷ್ಟು ಸಲೀಸು. ಇಂಗ್ಲಿಷಿನಲ್ಲಿ ಮಾತ್ರ ಎರಡೂ ಸಲ ಕಟ್-ಆಫ್ ಹತ್ತಿರ ಬಂದು ಮುಗ್ಗರಿಸಿದ್ದಳು. ಕೋಚಿಂಗ್ ಮಾಸ್ತರರು, "ದಿನಾ ಎಡಿಟೋರಿಯಲ್ ಓದಿ ಶಬ್ದ ಬಾಯಿಪಾಠ ಮಾಡು. ಕನ್ನಡ ಮೀಡಿಯಂನವರಿಗೆ ಅದು ಕಷ್ಟ ಬಿಡು, ಬ್ಯಾರೆ ಏನರ ನೋಡ್ಕೊ" ಎಂದರಂತೆ. ಮನೆಗೆ ಬಂದವಳು ಚೀಲವನ್ನು ಮೇಜಿಗೆ ಒಗೆದು, "ಬಿಡಂಗಿಲ್ಲ, ಏನ ಮಾಡ್ತಾರ ಮಾಡ್ಲಿ" ಎಂದಳು. ನನಗೆ ಆ ಕ್ಷಣವೇ ಅವಳು ಹಿಡಿಸಿದಳು. ಆದರೆ ಬೆಳಗ್ಗೆ ಉರುಹಚ್ಚಿದ ಶಬ್ದ ಸಂಜೆಗೆ ಮಂಗಮಾಯವಾಗುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಯಾರದೋ ಬ್ಲೌಸಿನ ಬೆನ್ನಿಗೆ ಕತ್ತರಿಸಿದ ಕಾಗದ ಮೇಜಿನ ಮೇಲಿತ್ತು. ಸಂಪಾದಕೀಯದ ನಟ್ಟನಡುವೆ ಕೊರಳಿಗೆಂದು ನಾನು ತೆಗೆದ ಅರ್ಧಚಂದ್ರದ ತೂತು. ವೈಜಯಂತಿ ಸುತ್ತಲಿನ ಸಾಲು ಓದಿದಳು. ಸರ್ಕಾರ ಖರ್ಚನ್ನು ಏನೋ ಮಾಡಬೇಕಂತೆ. ಏನೆನ್ನುವ ಶಬ್ದ ತೂತಿಗೆ ಹೋಗಿತ್ತು. ಅವಳು ಹಿಂದೆ ಮುಂದೆ ಓದಿ, ಮಾರ್ಕಿಂಗ್ ಚಾಕ್ ತಗೊಂಡು, ತೂತಿನೊಳಗೆ ಕಾಣುವ ಮೇಜಿನ ಹಲಗೆಯ ಮೇಲೆ 'ರಿಡ್ಯೂಸ್' ಎಂದು ಬರೆದಳು. ಆಮೇಲೆ ಚಿಂದಿಯ ರಾಶಿ ಕೆದಕಿ ಕೊರಳಿನ ತುಂಡು ಹುಡುಕಿ ತಂದು ಕೂಡಿಸಿದಳು. ಅಲ್ಲಿದ್ದದ್ದು 'ಕರ್ಟೇಲ್', ಅಂದರೆ ಮೊಟಕುಗೊಳಿಸು. ಅರ್ಥ ಸರಿಯಾಗಿತ್ತು, ಶಬ್ದ ಹೊಸದು. ತಾನೇ ಹುಡುಕಿದ ಆ ಶಬ್ದ ಮರುದಿನವೂ ಮರೆಯಲಿಲ್ಲ. ಪರೀಕ್ಷೆಯಲ್ಲೂ ಹೀಗೇ ನಡುನಡುವೆ ಶಬ್ದ ತೆಗೆದ ಪರಿಚ್ಛೇದ ಕೊಟ್ಟು ತುಂಬಿಸಿ ಎನ್ನುತ್ತಾರಂತೆ.

ಹೊಸ ಶಬ್ದದಲ್ಲಿ ಸ್ವಂತ ವಾಕ್ಯ ಮಾಡುವುದೂ ಅಭ್ಯಾಸವಾಯಿತು. ಸಕ್ಕೂಬಾಯಿ ಬಂದು ಕೂತಿದ್ದಾಗ ಅವಳು ಗಟ್ಟಿಯಾಗಿ, "ಆಂಟಿ ಶುಡ್ ಕರ್ಟೇಲ್ ಹರ್ ಅಡ್ವೈಸ್" ಎಂದಳು.

"ಏನಂದಿ?"

"ನಿಮಗ ಚಾ ಮಾಡ್ಲೇನು ಅಂದೆ, ಅತ್ತಿ."

"ಹೂಂ, ಸಕ್ರಿ ಜಾಸ್ತಿ ಹಾಕು."

ಮಗಳು ಸಂಪಾದಕೀಯದ ಪುಟ ಓದುವುದನ್ನು ಕಂಡು ಏಕನಾಥರು ಅದನ್ನು ಕತ್ತರಿಸದೆ ಇಡಿಯಾಗಿ ಎತ್ತಿಡತೊಡಗಿದರು. ಅವಳು ಅದನ್ನು ಮರಳಿ ತಂದು ಮೇಜಿನ ಮೇಲೆ ಹಾಸಿದಳು. "ಅಪ್ಪಾ, ಕತ್ತರಸು. ನನಗ ತೂತ ಬೇಕು."

ಅವರು ಅವಳ ಮುಖ ನೋಡಿದರು, ನನ್ನನ್ನು ಎತ್ತಿಕೊಂಡರು. ಅಂದಿನಿಂದ ದಿನಾ ಮಧ್ಯಾಹ್ನ ಇದೇ ವ್ರತ. ಇಂಗ್ಲಿಷಿನ ಒಂದಕ್ಷರ ಬಾರದ ಮನುಷ್ಯ ಸಂಪಾದಕೀಯಕ್ಕೆ ಕೊರಳು ಇಡುತ್ತಿದ್ದರು. ತುಂಡನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಅವಳು ಬರೆದು ಮುಗಿಸಿದ ಮೇಲಷ್ಟೇ ತೆಗೆದು ಕೂಡಿಸುತ್ತಿದ್ದರು. ಮೊದಮೊದಲು ಸಣ್ಣ ಗುಂಡು ಕೊರಳು. ಅವಳು ಪಳಗಿದಂತೆ ಚೌಕ, ಆಮೇಲೆ ಮಡಕೆಯ ಹಾಗೆ ಅಗಲವಾದ ಮಟ್ಕಾ ನೆಕ್. "ಇವತ್ತ ಭಾಳ ಡೀಪ್ ಆತು ಅಪ್ಪಾ" ಎಂದು ಅವಳು ಗೊಣಗಿದರೆ ಅವರು ಮೀಸೆಯಲ್ಲೇ ನಗುತ್ತಿದ್ದರು. ರೇಷ್ಮೆ ಕತ್ತರಿಸುವಾಗಲೂ ನನಗೆ ಇಷ್ಟು ಹೆಮ್ಮೆ ಆಗಿರಲಿಲ್ಲ. ಹೊಸ ಕತ್ತರಿ ಮೇಜಿನ ಮೂಲೆಯಲ್ಲಿ ಕೂತು ನೋಡಲಿ!

ಮೂರನೆಯ ಪರೀಕ್ಷೆ ಭಾನುವಾರ, ಹುಬ್ಬಳ್ಳಿಯಲ್ಲಿ. ಸಕ್ಕೂಬಾಯಿ ಅದೇ ಭಾನುವಾರ ವೈಜಯಂತಿಯನ್ನು ನೋಡಲು ಸೊಲ್ಲಾಪುರದ ಗಂಡಿನವರನ್ನು ಬರಹೇಳಿದರು. "ಎರಡ ಸಲ ಆ ಇಂಗ್ಲಿಷ್ ಒದ್ದು ಕಳಿಸೇತಿ. ನಮ್ಮ ಮನಿ ಹುಡುಗಿಗೆ ಅದು ಒಲಿಯಂಗಿಲ್ಲ. ಭಾನುವಾರ ಆಕಿ ಸೀರಿ ಉಟ್ಟು ಮನ್ಯಾಗ ಇರಬೇಕು, ಏಕನಾಥಾ" ಎಂದರು. ಏಕನಾಥರು ತಲೆ ತಗ್ಗಿಸಿ ಹೊಲಿಗೆ ನಡೆಸಿದರು. ಬಾಗಿಲಲ್ಲಿ ನಿಂತಿದ್ದ ವೈಜಯಂತಿ ಅಲ್ಲಿಂದಲೇ ಒಳಗೆ ತಿರುಗಿದಳು. ನನಗೋ ಏಕನಾಥರ ಮೇಲೆ ಕೆಂಡದಂಥ ಕೋಪ. ಬಾಯಿ ಬಿಡಬಾರದೇ ಮಾರಾಯ ಎಂದು ಡಬ್ಬಿಯಲ್ಲೇ ಚಡಪಡಿಸಿದೆ.

ಭಾನುವಾರ ಗಂಡಿನವರು ಬಂದು ಕೂತರು. ಒಳಗೆಲ್ಲ ಹುಡುಕಿದ ಸಕ್ಕೂಬಾಯಿ ಅಂಗಡಿಗೆ ಧಾವಿಸಿ ಬಂದರು. "ಹುಡುಗಿ ಎಲ್ಲಿ?"

"ಪರೀಕ್ಷಾಕ ಹೋಗ್ಯಾಳ, ಅಕ್ಕ. ನಾನ ಬಸ್ ಹತ್ತಿಸಿ ಬಂದೆ."

"ಮಂದಿ ಮುಂದ ನನ್ನ ಮರ್ಯಾದಿ ಕಳದ್ಯಲ್ಲೋ! ಮತ್ತ ಫೇಲಾದ್ರ ಏನ ಮಾಡ್ತಿ?"

ಏಕನಾಥರು ನನ್ನನ್ನು ಕೈಗೆತ್ತಿಕೊಂಡರು. "ಫೇಲಾದ್ರ ಮತ್ತ ಕತ್ತರಸ್ತೀನಿ" ಎಂದರು.

ಅವಳು ಫೇಲಾದಳು. ಕೂದಲೆಳೆಯಷ್ಟರಲ್ಲಿ ತಪ್ಪಿತು. ಗಂಡಿನವರು ಬೇರೆ ಮನೆ ನೋಡಿಕೊಂಡರು, ಸಕ್ಕೂಬಾಯಿ ಓಣಿಯೆಲ್ಲ ಹೇಳಿಕೊಂಡು ಬಂದರು. ಫಲಿತಾಂಶ ನೋಡಿದ ಮಧ್ಯಾಹ್ನ ವೈಜಯಂತಿ ಗೋಡೆಗೆ ಮುಖಮಾಡಿ ಕೂತಿದ್ದಳು. ಏಕನಾಥರು ಅವತ್ತಿನ ಪುಟ ಹಾಸಿ, ನನ್ನಿಂದ ಅಷ್ಟಗಲದ ಕೊರಳು ತೆಗೆದು, ತುಂಡನ್ನು ಜೇಬಿಗಿಳಿಸಿ, ಚಾಕನ್ನು ಅವಳ ಪಕ್ಕಕ್ಕೆ ಸರಿಸಿದರು. ಅವಳು ಕಣ್ಣೊರೆಸಿಕೊಂಡು ಚಾಕ್ ಎತ್ತಿಕೊಂಡಳು. ಲಾರಿಯಾಗಿ ಓಡಿದ್ದೇನೆ, ಬೆಂಕಿಯಲ್ಲಿ ಬೆಂದಿದ್ದೇನೆ; ಆದರೂ ಅಂದು ನನ್ನ ತಿರುಪು ಸಡಿಲಾದಂತೆ ಅನಿಸಿತು.

ನಾಲ್ಕನೆಯ ಸಲ ಪಾಸಾದಳು. ಈಗ ಲಿಂಗಸುಗೂರಿನ ಶಾಖೆಯೊಂದರಲ್ಲಿ ಕೌಂಟರಿನ ಆಚೆ ಕೂರುತ್ತಾಳೆ.

ನನಗೆ ವಯಸ್ಸಾಯಿತು. ಹಿತ್ತಾಳೆ ಕಪ್ಪಾಗಿದೆ, ತುದಿ ಮುರಿದಿದೆ. ಸಕ್ಕೂಬಾಯಿ ಇಂದಿಗೂ ಸೋತಿಲ್ಲ; "ಆ ಸೊಲ್ಲಾಪುರದ ಹುಡುಗ ಭಾಳ ಚಲೋ ಇದ್ದ" ಎಂದು ಬಂದಾಗಲೆಲ್ಲ ಹಲುಬುತ್ತಾರೆ. ಮೊನ್ನೆ ಗುಜರಿಯವನ ಕೂಗು ಕೇಳಿ, "ಈ ಮೊಂಡ ಕತ್ತರಿ ಕೊಟ್ಟು ಹಾಕು" ಎಂದು ನನ್ನತ್ತ ಕೈ ಚಾಚಿದರು.

"ಬ್ಯಾಡ ಅಕ್ಕ, ಕೆಲಸ ಐತಿ" ಎಂದರು ಏಕನಾಥರು.

ಕೆಲಸ ಇರುವುದು ನಿಜ. ವೈಜಯಂತಿ ಈಗ ಆಫೀಸರ್ ಪರೀಕ್ಷೆಗೆ ಓದುತ್ತಿದ್ದಾಳೆ. ಗುಜರಿಯವನು ಓಣಿ ದಾಟುವ ಮೊದಲೇ ನಾವು ಆ ದಿನದ ಪಾಲಿನ ಸಂಪಾದಕೀಯಕ್ಕೆ ಕೊರಳು ಇಟ್ಟು ಮುಗಿಸಿದ್ದೆವು. ಏಕನಾಥರು ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಮಗಳಿಗೆ ಕಳಿಸಿದರು. ಕತ್ತರಿಸಿದ ತುಂಡು ಅವರ ಜೇಬಿನಲ್ಲಿತ್ತು.